ಏಳು ವರ್ಷ ಕೆಲಸ ಮಾಡಿದ್ಮೇಲೆ ಎಂಟೆಕ್: ಓದೋಕಾ, ಓಡೋಕಾ?

ಪ್ರಶ್ನೆ: ಮೇಡಂ, ನಮ್ಮೂರು ಹೊಳಲ್ಕೆರೆ ಹತ್ರ, ಈಗ ದಾವಣಗೆರೆ ವಿದ್ಯಾನಗರದಲ್ಲಿ ಗಂಡನ ಮನೆಲಿ ಇದೀನಿ. ವಯಸ್ಸು 29. 2018ರಲ್ಲಿ ದಾವಣಗೆರೆಲೇ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಬಿಇ ಮುಗ್ಸಿ ಬೆಂಗ್ಳೂರಿನ ಕಂಪನಿ ಸೇರ್ದೆ, ಅವತ್ತಿಂದ ಇವತ್ತಿನವರೆಗೂ ಬರೀ ಟೆಸ್ಟಿಂಗ್. ಮಗಳಿಗೆ 3 ವರ್ಷ, ಅವಳು ಹುಟ್ಟಿದ್ಮೇಲೆ ವರ್ಕ್ ಫ್ರಂ ಹೋಂ ತಗೊಂಡು ಇಲ್ಲಿಗೆ ಬಂದೆ. ಕೈಗೆ 65 ಸಾವಿರ ಬರುತ್ತೆ. ನಾನೇ ಕೆಲಸ ಕಲಿಸಿದ ಇಬ್ರು ಹುಡುಗ್ರು ಈಗ ಲೀಡ್ ಆಗಿದಾರೆ, ನನ್ನ ಅಪ್ರೈಸಲ್‌ನಲ್ಲಿ ಮಾತ್ರ 'ಟೆಕ್ನಿಕಲ್ ಡೆಪ್ತ್ ಸಾಲ್ದು' ಅಂತ ಬರೆದ್ರು. ಎಂಟೆಕ್ ಮಾಡ್ಬೇಕು ಅನ್ಸ್ತಿದೆ, ವಿಎಲ್‌ಎಸ್‌ಐ (ಚಿಪ್ ಡಿಸೈನ್) ಇಲ್ಲ ಡೇಟಾ ಸೈನ್ಸ್. ಮುಂದೆ ದಾವಣಗೆರೆಲೇ ಯಾವ್ದಾದ್ರೂ ಕಾಲೇಜಲ್ಲಿ ಪಾಠ ಮಾಡೋ ಆಸೆನೂ ಇದೆ. ಮ್ಯಾನೇಜರ್ ಎಂಟೆಕ್ ವೇಸ್ಟ್ ಅಂತಾರೆ, ಗಂಡ ನಿನ್ನಿಷ್ಟ ಅಂತಾರೆ, ಅತ್ತೆ 'ಇನ್ನೂ ಎಷ್ಟಂತ ಓದ್ತೀಯವ್ವ' ಅಂತಾರೆ. ನಿಜ ಹೇಳ್ಬೇಕಂದ್ರೆ ನಾನು ಓದೋಕೆ ಹೋಗ್ತಿದೀನಾ ಇಲ್ಲ ಓಡೋಕೆ ಹೋಗ್ತಿದೀನಾ ಅಂತ ನನಗೇ ಗೊತ್ತಾಗ್ತಿಲ್ಲ.

ಉತ್ತರ: ನಿಮ್ಮ ಕೊನೇ ಸಾಲಿಂದಾನೇ ಶುರು ಮಾಡ್ತೀನಿ. ಮಿಕ್ಕಿದ್ದೆಲ್ಲ ಲೆಕ್ಕಾಚಾರ, ಕೂತು ಹಾಕಿದ್ರೆ ಬರುತ್ತೆ, ಆ ಒಂದು ಸಾಲು ಮಾತ್ರ ನಿಮ್ಮನ್ನ ರಾತ್ರಿ ಮಲಗೋಕೆ ಬಿಡ್ತಿಲ್ಲ ಅಂತ ಕಾಣುತ್ತೆ. ನಾನು ಎಲೆಕ್ಟ್ರಾನಿಕ್ಸ್ ಡಿಪಾರ್ಟ್‌ಮೆಂಟಲ್ಲಿ ಪಾಠ ಮಾಡ್ತಾ 22 ವರ್ಷ ಆಯ್ತು, ಅದ್ರಲ್ಲಿ ಸುಮಾರು ವರ್ಷ ಪ್ಲೇಸ್‌ಮೆಂಟ್ ಕೆಲಸನೂ ನೋಡ್ಕೊಂಡಿದೀನಿ. ಪ್ಲಾಸ್ಟಿಕ್ ಕವರಲ್ಲಿ ಮಾರ್ಕ್ಸ್ ಕಾರ್ಡ್ ಹಾಕ್ಕೊಂಡು, ಒಂದು ಕೈಲಿ ಮಗು ಹಿಡ್ಕೊಂಡು ನನ್ನ ರೂಮಿಗೆ ಬಂದು 'ಮೇಡಂ ಎಂಟೆಕ್' ಅಂದ ಹಳೇ ಸ್ಟೂಡೆಂಟ್ಸ್‌ಗೆ ಲೆಕ್ಕ ಇಟ್ಟಿಲ್ಲ. ಬರೀ ಓದೋಕೆ ಅಂತ ಬಂದೋರು ಕಮ್ಮಿ, ಬರೀ ಓಡೋಕೆ ಅಂತ ಬಂದೋರೂ ಕಮ್ಮಿ. ನಾನೇ ಎಂಟೆಕ್ ಮಾಡಿದ್ದು ಕೆಲಸಕ್ಕೆ ಸೇರಿ ಐದು ವರ್ಷ ಆದ್ಮೇಲೆ, ಮಗನಿಗೆ ಎರಡು ವರ್ಷ ಇದ್ದಾಗ. ಅದು ಜ್ಞಾನದ ಹಸಿವಿಗಲ್ಲ, ಒಂದಿನ ಸ್ಟಾಫ್ ಮೀಟಿಂಗಲ್ಲಿ ಎಲ್ರ ಮುಂದೆ 'ಮೇಡಂ ಬರೀ ಬಿಇ ಅಲ್ವಾ, ಲ್ಯಾಬ್ ನೋಡ್ಕೊಳ್ಳಿ ಸಾಕು' ಅಂದಿದ್ದಕ್ಕೆ. ಆ ಸಿಟ್ಟಲ್ಲೇ ಅರ್ಜಿ ಹಾಕಿದ್ದು, ಎರಡನೇ ಸೆಮಿಸ್ಟರ್ ಹೊತ್ತಿಗೆ ಸಿಟ್ಟು ಮರೆತು ಆಂಟೆನಾ ಥಿಯರಿ ಹಿಡೀತು. ಅದಕ್ಕೆ ಓಡ್ತಿದೀನಿ ಅನ್ನೋ ನಾಚಿಕೆ ಮೊದ್ಲು ಬಿಡ್ರಿ.

ಈಗ ಎಂಟೆಕ್ ಬಗ್ಗೆ ಜನ ಆಡೋ ಮಾತು. ಕೆಲಸ ಸಿಗದೋರು ಮಾಡ್ತಾರೆ, ಮದುವೆ ಮುಂದಕ್ಕೆ ಹಾಕೋಕೆ ಮಾಡ್ತಾರೆ, ಹೆಣ್ಮಕ್ಳಿಗೆ ಎಷ್ಟು ಓದ್ಸಿದ್ರೂ ಅಷ್ಟೆ, ಹಿಂಗೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸರ್ವೆ ತೆಗೆದು ನೋಡಿದ್ರೆ 2014-15ರಲ್ಲಿ ಪಿಎಚ್‌ಡಿ ಮಾಡ್ತಿದ್ದ ಹೆಣ್ಮಕ್ಳು ಸುಮಾರು 48 ಸಾವಿರ, 2021-22ಕ್ಕೆ 99 ಸಾವಿರ, ಏಳೇ ವರ್ಷಕ್ಕೆ ಡಬಲ್. ಅದೇ ವರ್ಷ ಸೈನ್ಸ್ ಓದ್ತಿದ್ದ 57.2 ಲಕ್ಷ ಜನರಲ್ಲಿ 29.8 ಲಕ್ಷ ಹೆಣ್ಮಕ್ಳೇ, ಅಂದ್ರೆ ಹುಡುಗ್ರಿಗಿಂತ ಜಾಸ್ತಿ. ಇಷ್ಟೂ ಜನ ಮದುವೆ ಮುಂದಕ್ಕೆ ಹಾಕೋಕೆ ಹೋದ್ರು ಅಂದ್ರೆ ನಂಬೋಕಾಗುತ್ತಾ? ಇನ್ನು ಕೆಲಸ ಸಿಗದೋರು ಅನ್ನೋದು, ನನ್ನ ಹತ್ರ ಬರೋರಲ್ಲಿ ಮುಕ್ಕಾಲು ಪಾಲು ನಿಮ್ಮ ಥರ ಕೆಲಸದಲ್ಲಿ ಇರೋರೇ.

ಹಂಗಾದ್ರೆ ಯಾಕೆ ಮಾಡ್ತಾರೆ. ನಾನು ಕಂಡ ಹಂಗೆ ದೊಡ್ಡ ಕಾರಣ, ಬಾಯಲ್ಲಿ ಹೇಳಿದ್ರೆ ನಂಬದೋರು ಕಾಗದದಲ್ಲಿ ತೋರ್ಸಿದ್ರೆ ನಂಬ್ತಾರೆ ಅನ್ನೋದು. ನನ್ನ ಸ್ಟೂಡೆಂಟ್ ಒಬ್ಳು ಹೇಳಿದ್ದು ಹೇಳ್ತೀನಿ ಕೇಳ್ರಿ. ಕಾಲ್‌ನಲ್ಲಿ ಹನ್ನೆರಡು ಜನ, ಇವಳು 'ಈ ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದ್ರೆ ಬ್ಯಾಲೆನ್ಸ್ ಎರಡು ಸಲ ಕಟ್ ಆಗುತ್ತೆ' ಅಂದ್ಳು, ಯಾರೂ ಉಸಿರು ಬಿಡ್ಲಿಲ್ಲ, ಮುಂದಿನ ಪಾಯಿಂಟಿಗೆ ಹೋದ್ರು. ಹತ್ತು ನಿಮಿಷ ಆದ್ಮೇಲೆ ಇನ್ನೊಬ್ಬ ಅದನ್ನೇ ಹೇಳ್ದ, 'ಗುಡ್ ಕ್ಯಾಚ್' ಅಂತ ಎಲ್ರೂ ಚಾಟ್‌ನಲ್ಲಿ ಚಪ್ಪಾಳೆ. ಅವಳು ಮ್ಯೂಟ್ ಬಟನ್ ಮೇಲೆ ಬೆರಳಿಟ್ಕೊಂಡು ಕೂತಿದ್ಳಂತೆ. ಅವತ್ತು ರಾತ್ರಿನೇ ಗೇಟ್ (ದೇಶದ ಮಟ್ಟದ ಎಂಟೆಕ್ ಪ್ರವೇಶ ಪರೀಕ್ಷೆ) ಪುಸ್ತಕ ಆರ್ಡರ್ ಮಾಡಿದ್ಳು. ಹೆಸರಿನ ಮುಂದೆ ಇನ್ನೊಂದು ಡಿಗ್ರಿ ಇದ್ರೆ ಮುಂದಿನ ಸಲ ಹತ್ತು ನಿಮಿಷ ಕಾಯೋದು ತಪ್ಪುತ್ತಾ? ಒಂದೊಂದು ಕಡೆ ತಪ್ಪುತ್ತೆ, ಒಂದೊಂದು ಕಡೆ ಇಲ್ಲ.

ಇದಕ್ಕೆ ನಾನು ಕ್ಲಾಸಲ್ಲಿ ಇಬ್ಬರ ಕತೆ ಹೇಳ್ತಿರ್ತೀನಿ, ಇಬ್ರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಐಐಎಸ್ಸಿಲಿ 1940ರ ದಶಕದಲ್ಲಿ ಇದ್ದೋರು. ಅಣ್ಣಾ ಮಣಿ ಅಂತ, ಸಿ.ವಿ. ರಾಮನ್ ಲ್ಯಾಬಲ್ಲಿ ವಜ್ರ, ಮಾಣಿಕ್ಯದ ಸ್ಪೆಕ್ಟ್ರಮ್ ಮೇಲೆ ಕೆಲಸ ಮಾಡಿದ್ರು, ಒಂದೊಂದು ಫೋಟೋ ಪ್ಲೇಟ್‌ಗೆ 15-20 ಗಂಟೆ ಎಕ್ಸ್‌ಪೋಷರ್ ಕೊಡ್ಬೇಕಿತ್ತು, ರಾತ್ರಿಯೆಲ್ಲ ಲ್ಯಾಬಲ್ಲೇ. 5 ಪೇಪರ್ ಬರೆದು 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಪ್ರಬಂಧ ಕೊಟ್ರೆ 'ನಿಮಗೆ ಎಂಎಸ್ಸಿ ಇಲ್ಲ' ಅಂತ ಡಿಗ್ರಿ ಕೊಡ್ಲಿಲ್ಲ! ಅವರು ಅದನ್ನ ಅಲ್ಲೇ ಬಿಟ್ಟು ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ಕೆಲಸ ಕಲಿತು, 1948ರಲ್ಲಿ ವಾಪಸ್ ಬಂದು ಹವಾಮಾನ ಇಲಾಖೆ ಸೇರಿ, ಡೆಪ್ಯುಟಿ ಡೈರೆಕ್ಟರ್ ಜನರಲ್ ಆಗಿ 1976ರಲ್ಲಿ ರಿಟೈರ್ ಆದ್ರು. ಪಿಎಚ್‌ಡಿ ಇಲ್ದೇನೇ. ಇನ್ನೊಬ್ರು ನಮ್ಮ ಕರ್ನಾಟಕದ ರಾಜೇಶ್ವರಿ ಚಟರ್ಜಿ. ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಮಿಚಿಗನ್‌ಗೆ ಹೋಗಿ ಮಾಸ್ಟರ್ಸ್ ಮಾಡಿ, 1953ರಲ್ಲಿ ಪಿಎಚ್‌ಡಿ ಮುಗ್ಸಿ ಬಂದು ಐಐಎಸ್ಸಿಲೇ ಮೈಕ್ರೋವೇವ್ ಪಾಠ ಮಾಡ್ತಾ ಪ್ರೊಫೆಸರ್ ಆದ್ರು. ಅವರು ಹಿಡಿದ ದಾರಿಗೆ ಆ ಡಿಗ್ರಿ ಇಲ್ದೆ ನಡೀತಿರ್ಲಿಲ್ಲ. ಇಬ್ರಲ್ಲಿ ಯಾರು ಬುದ್ಧಿವಂತರು ಅಂತ ಕೇಳೋದಲ್ಲ ಇದು. ಒಬ್ಬರ ಕೆಲಸ ಕಾಗದ ಕೇಳ್ಲಿಲ್ಲ, ಇನ್ನೊಬ್ಬರದ್ದು ಕೇಳ್ತು. ನಿಮ್ಮ ವಿಷಯದಲ್ಲೂ ನೋಡ್ಬೇಕಾಗಿರೋದು ಅದೇ, ನೀವು ಹೋಗ್ಬೇಕು ಅನ್ನೋ ಜಾಗ ಕಾಗದ ಕೇಳುತ್ತಾ.

ಬೇರೆ ಕಾರಣಗಳೂ ಇದಾವೆ. ಟೆಸ್ಟಿಂಗ್, ಸಪೋರ್ಟ್, ಡಾಕ್ಯುಮೆಂಟೇಶನ್ ಇಂಥ ಕಡೆ ಮೊದಲನೇ ವರ್ಷ ಕೂರಿಸಿದ್ರೆ ಆಮೇಲೆ ಅಲ್ಲಿಂದ ಎಬ್ಬಿಸೋರು ಯಾರೂ ಇರಲ್ಲ, ಚಿಪ್ ಡಿಸೈನ್ ಕಡೆ ಹಾರೋಕೆ ಎಂಟೆಕ್ ಒಂದು ಸೇತುವೆ. ಮಗು ಆದ್ಮೇಲೆ ಎರಡು ಮೂರು ವರ್ಷ ಗ್ಯಾಪ್ ಬಿದ್ದೋರಿಗೆ ಎಂಟೆಕ್ ಅಂದ್ರೆ ಇನ್ನೊಂದು ಸಲ ಕ್ಯಾಂಪಸ್ ಪ್ಲೇಸ್‌ಮೆಂಟ್, 'ಆ ಮೂರು ವರ್ಷ ಏನ್ ಮಾಡ್ತಿದ್ರಿ' ಅನ್ನೋ ಪ್ರಶ್ನೆ ಅಲ್ಲಿಗೆ ನಿಲ್ಲುತ್ತೆ. ಮತ್ತೆ ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣ ಇದೆ. ನಮ್ಮ ಕಡೆ ಮನೆಗಳಲ್ಲಿ ಸೊಸೆ ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆಗೆದ್ರೆ 'ಇನ್ನೂ ಮುಗಿಲಿಲ್ವ ನಿನ್ನ ಆಫೀಸು' ಅಂತಾರೆ, ಅದೇ ಸೊಸೆ ಪುಸ್ತಕ ಹಿಡಿದು 'ನಾಳೆ ಪರೀಕ್ಷೆ' ಅಂದ್ರೆ ಟೀವಿ ಸೌಂಡ್ ಕಮ್ಮಿ ಆಗುತ್ತೆ, ಮಗೂನ ಎತ್ಕೊಂಡು ಹೊರಗೆ ಹೋಗ್ತಾರೆ, ಒಂದೊಂದ್ಸಲ ಚಹಾನೂ ಬರುತ್ತೆ. 65 ಸಾವಿರ ತರೋ ಕೆಲಸಕ್ಕೆ ಸಿಗದ ಮರ್ಯಾದೆ ಪರೀಕ್ಷೆಗೆ ಸಿಗುತ್ತೆ ಅಂದ್ರೆ ನಗು ಬರುತ್ತೆ, ಆದ್ರೆ ಎಷ್ಟೋ ಹೆಣ್ಮಕ್ಳಿಗೆ ಮದುವೆ ಆದ್ಮೇಲೆ ತಮಗೇ ಅಂತ ಸಿಕ್ಕಿದ ಎರಡು ಗಂಟೆ ಅಂದ್ರೆ ಅದೇ. ಅದೂ ಕಾರಣಾನೇ.

ಇಷ್ಟು ಹೇಳಿ ನಿಮ್ಮ ಕೇಸಿಗೆ ಬರ್ತೀನಿ, ಸ್ವಲ್ಪ ಖಾರ ಅನ್ನಿಸ್ಬಹುದು. ನೀವು ಕೆಲಸ ಕಲಿಸಿದ ಆ ಇಬ್ರು ಹುಡುಗ್ರು ಲೀಡ್ ಆದ್ರಲ್ಲ, ಅವರು ಎಂಟೆಕ್ಕಾ? ನೀವು ಬರೆದಿಲ್ಲ, ಅಂದ್ರೆ ಬಹುಶಃ ಅಲ್ಲ. ಹಂಗಿದ್ಮೇಲೆ ನಿಮ್ಮನ್ನ ಹಿಂದೆ ಉಳಿಸಿದ್ದು ಡಿಗ್ರಿ ಅಲ್ಲ, ನೀವು ಬೆಂಗಳೂರಿನ ಆಫೀಸಲ್ಲಿ ಕಣ್ಣಿಗೆ ಬೀಳ್ತಿಲ್ಲ ಅನ್ನೋದಿರಬಹುದು, ಮಗು ಇದೆ ಇವಳಿಗ್ಯಾಕೆ ಜವಾಬ್ದಾರಿ ಅಂತ ಅವರೇ ತೀರ್ಮಾನ ಮಾಡಿರಬಹುದು. ಎರಡು ವರ್ಷ, ಅಷ್ಟು ದುಡ್ಡು ಹಾಕಿ ಎಂಟೆಕ್ ಮಾಡ್ಕೊಂಡು ವಾಪಸ್ ಅದೇ ಮ್ಯಾನೇಜರ್ ಮುಂದೆ ನಿಂತ್ರೆ ಅವರು ಇನ್ನೊಂದು ಕಾರಣ ಹುಡುಕ್ತಾರೆ. ಅದಕ್ಕೆ ಮೊದ್ಲು ಈಮೇಲ್‌ನಲ್ಲೇ ಕೇಳ್ರಿ, 'ಡೆಪ್ತ್ ಸಾಲ್ದು ಅಂದ್ರೆ ಯಾವ ವಿಷಯದಲ್ಲಿ, ಏನು ಮಾಡಿ ತೋರಿಸ್ಬೇಕು, ಎಷ್ಟು ತಿಂಗಳಲ್ಲಿ' ಅಂತ. ಉತ್ತರ ನೆಟ್ಟಗಿದ್ರೆ ಒಳ್ಳೇದು. ಸುತ್ತಿ ಬಳಸಿ ಬಂತಾ, ನಿಮಗೆ ಬೇಕಾಗಿರೋದು ಬೇರೆ ಕಂಪನಿ, ಬೇರೆ ಡಿಗ್ರಿ ಅಲ್ಲ.

ಟೀಚಿಂಗ್ ಆಸೆ ಇದೆ ಅಂದ್ರಿ, ಅಲ್ಲಿ ಮಾತು ಬೇರೆ. ಇಂಜಿನಿಯರಿಂಗ್ ಕಾಲೇಜಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಎಐಸಿಟಿಇ ನಿಯಮದ ಪ್ರಕಾರ ಬಿಇ ಜೊತೆ ಎಂಟೆಕ್ ಬೇಕೇ ಬೇಕು, ಎರಡರಲ್ಲಿ ಒಂದ್ರಲ್ಲಾದ್ರೂ ಫಸ್ಟ್ ಕ್ಲಾಸ್ ಇರ್ಬೇಕು, ಅಸೋಸಿಯೇಟ್ ಪ್ರೊಫೆಸರ್ ಆಗೋಕೆ ಪಿಎಚ್‌ಡಿ. ಇಲ್ಲಿ ಕಾಗದ ಇಲ್ದಿದ್ರೆ ಬಾಗಿಲೇ ತೆಗೆಯಲ್ಲ. ಆದ್ರೆ ನಿಮ್ಮ ಹತ್ರ ಮುಚ್ಚಿಡೋದು ಯಾಕೆ, ಖಾಸಗಿ ಕಾಲೇಜಲ್ಲಿ ಶುರುಲಿ ನಿಮ್ಮ ಈಗಿನ ಸಂಬಳದ ಅರ್ಧ ಸಿಕ್ರೆ ಪುಣ್ಯ. ದಾವಣಗೆರೆ ಕಾಲೇಜುಗಳ ಊರೇ ಸರಿ, ಬಿಡಿಟಿ ಇಂಜಿನಿಯರಿಂಗ್ ಕಾಲೇಜು ಶುರುವಾಗಿ 70 ವರ್ಷ ದಾಟ್ತು, ಆದ್ರೂ ಇ ಅಂಡ್ ಸಿಲಿ ಖಾಲಿ ಪೋಸ್ಟ್ ಯಾವಾಗ್ಲೂ ಇರಲ್ಲ, ಈಗ ಕಂಪ್ಯೂಟರ್ ಸೈನ್ಸ್ ಕಡೆಯೋರಿಗೇ ಬೇಡಿಕೆ. ಎಂಟೆಕ್ ಅಂದ್ರೆ ಅಲ್ಲಿ ಹೊಸ್ತಿಲು, ಒಳಗೆ ಹೋದ್ಮೇಲೆ ಪಿಎಚ್‌ಡಿ ಯಾವಾಗ ಅಂತ ಶುರು ಮಾಡ್ತಾರೆ.

ಸರಿ, ಮಾಡೋದೇ ಅಂತಾದ್ರೆ ದಾರಿಗಳು ನೋಡೋಣ. ಗೇಟ್ ಬರೆದು ಐಐಎಸ್ಸಿ, ಐಐಟಿ, ಎನ್‌ಐಟಿಗಳಲ್ಲಿ ನಮಗೆ ಹತ್ರದ್ದು ಅಂದ್ರೆ ಸುರತ್ಕಲ್, ಇಂಥ ಕಡೆ ಫುಲ್ ಟೈಂ ಹೋಗೋದು ಮೊದಲನೇದು. ಗೇಟ್ ಸ್ಕೋರ್ 3 ವರ್ಷ ನಡೆಯುತ್ತೆ, ಹೆಣ್ಮಕ್ಳಿಗೆ ಅರ್ಜಿ ಫೀಸಲ್ಲಿ ರಿಯಾಯ್ತಿ ಇದೆ, ಸೀಟು ಸಿಕ್ರೆ ತಿಂಗಳಿಗೆ 12,400 ಸ್ಟೈಪೆಂಡ್. ಈಗ ಲೆಕ್ಕ ಹಾಕ್ರಿ: 65 ಸಾವಿರದ ಸಂಬಳ 24 ತಿಂಗಳು ಬಿಟ್ರೆ 15 ಲಕ್ಷ 60 ಸಾವಿರ ಹೋಯ್ತು, ಸ್ಟೈಪೆಂಡ್ ಬರೋದು 2 ಲಕ್ಷ 97 ಸಾವಿರದ 600. ಅಂದ್ರೆ ಫೀಸು, ಹಾಸ್ಟೆಲ್ ಬಿಟ್ಟು ಸುಮಾರು 12 ಲಕ್ಷ 62 ಸಾವಿರ ಕೈಯಿಂದ ಹೋಗುತ್ತೆ. ಹೋಗ್ಲಿ ಅನ್ನೋಷ್ಟು ದೊಡ್ಡ ಬದಲಾವಣೆ ಸಿಗುತ್ತಾ ಅಂದ್ರೆ, ಟೆಸ್ಟಿಂಗ್‌ನಿಂದ ವಿಎಲ್‌ಎಸ್‌ಐ ಡಿಸೈನ್, ವೆರಿಫಿಕೇಶನ್ (ಚಿಪ್ ಡಿಸೈನ್ ಸರಿ ಇದೆಯಾ ಅಂತ ಪರೀಕ್ಷಿಸೋದು) ಕಡೆ ಹೋಗೋದಾದ್ರೆ ಸಿಗುತ್ತೆ ಅಂತ ನನ್ನ ಅನುಭವ. ಡೇಟಾ ಸೈನ್ಸ್‌ಗೆ ಇಷ್ಟು ಖರ್ಚು ಮಾಡ್ರಿ ಅಂತ ನಾನಂತೂ ಹೇಳಲ್ಲ, ಅಲ್ಲಿ ಕೆಲಸ ಮಾಡಿ ತೋರಿಸಿದ್ರೂ ನಡೆಯುತ್ತೆ.

ಜಗಳೂರಿನ ಒಬ್ಳು ಇದೇ ದಾರಿ ಹಿಡಿದ್ಳು, 33 ವಯಸ್ಸಲ್ಲಿ, ಮಗನ್ನ ತವರಲ್ಲಿ ಬಿಟ್ಟು. ಮೊದಲನೇ ಸೆಮಿಸ್ಟರ್ ವಿಡಿಯೋ ಕಾಲ್ ಮಾಡೋದೇ ನಿಲ್ಲಿಸಿದ್ಳಂತೆ, ಮಗನ ಮುಖ ನೋಡಿದ್ರೆ ಓದು ನಿಲ್ತಿತ್ತು, ಬರೀ ಆಡಿಯೋ. ಜೊತೆಗಿದ್ದ 22ರ ಹುಡುಗೀರು ಆಂಟಿ ಅಂತಿದ್ರು. ಈಗ ಬೆಂಗ್ಳೂರಲ್ಲಿ ಒಂದು ಚಿಪ್ ಕಂಪನಿಲಿ ವೆರಿಫಿಕೇಶನ್ ಮಾಡ್ತಾಳೆ, ಮಗ ಜೊತೆಲೇ ಇದಾನೆ. ಒಳ್ಳೇದಾಯ್ತು, ಆದ್ರೆ ಅವಳ ತಾಯಿ ಗಟ್ಟಿ ಇದ್ರು, ಅದನ್ನ ಮರೀಬಾರ್ದು. ನಿಮ್ಮ ಮಗಳನ್ನ ನೋಡ್ಕೊಳ್ಳೋರು ಯಾರು ಅಂತ ಹೆಸರು ಹಿಡಿದು ಹೇಳೋಕಾಗ್ಬೇಕು. 'ಹೆಂಗೋ ಆಗುತ್ತೆ' ಅಂತ ಹೊರಟೋರು ಇಂಟರ್ನಲ್ಸ್ ಹೊತ್ತಿಗೆ ವಾಪಸ್ ಬಂದಿದ್ದು ನೋಡಿದೀನಿ.

ಎರಡನೇದು ಕೆಲಸದ ಜೊತೆ ಮಾಡೋದು, ಬಿಟ್ಸ್ ಪಿಲಾನಿಯವರದ್ದು ಕೆಲಸದಲ್ಲಿ ಇರೋರಿಗೇ ಅಂತ ಇದೆ, ಕೆಲವು ಐಐಟಿಗಳೂ ಆನ್‌ಲೈನ್ ಕೋರ್ಸ್ ಇಟ್ಟಿದಾವೆ. ಸಂಬಳ ನಿಲ್ಲಲ್ಲ, ಮಗಳನ್ನ ಬಿಡ್ಬೇಕಿಲ್ಲ, ಕಂಪನಿ ಒಳಗಡೆ ಬೆಲೆ ಇದೆ. ಕ್ಯಾಂಪಸ್ ಪ್ಲೇಸ್‌ಮೆಂಟ್ ಇರಲ್ಲ, ಶನಿವಾರ ಭಾನುವಾರ ಮರ್ತುಬಿಡ್ರಿ. ಮುಂದೆ ಟೀಚಿಂಗ್‌ಗೆ ಬೇಕು ಅನ್ನೋದಾದ್ರೆ ಇಲ್ಲಿ ಹುಷಾರು: ಇಂಜಿನಿಯರಿಂಗ್ ಡಿಗ್ರಿನ ಅಂಚೆ ಮೂಲಕ ಕೊಡೋ ಹಂಗಿಲ್ಲ ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಯಾವ್ದೇ ಕೋರ್ಸಿಗೆ ದುಡ್ಡು ಕಟ್ಟೋಕೆ ಮುಂಚೆ, ನೀವು ಸೇರ್ಬೇಕು ಅನ್ನೋ ಕಾಲೇಜಿನ ಆಫೀಸಿಗೇ ಹೋಗಿ 'ಈ ಡಿಗ್ರಿ ನೇಮಕಕ್ಕೆ ನಡೆಯುತ್ತಾ' ಅಂತ ಕೇಳಿ, ಆಗೋದಾದ್ರೆ ಬರೆಸ್ಕೊಂಡು ಬನ್ರಿ. ಕೋರ್ಸ್ ಮಾರೋರ ಮಾತು ಬೇಡ.

ಮೂರನೇದು ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಇಲ್ಲೇ ಹತ್ರದ ಕಾಲೇಜು. ಮನೆ ಹತ್ರ ಅನ್ನೋ ಒಂದೇ ಕಾರಣಕ್ಕೆ ಸೇರ್ಬೇಡ್ರಿ. ಕ್ಲಾಸಲ್ಲಿ ಮೂರು ಜನ, ಪಾಠ ಮಾಡೋರಿಗೂ ಹುಮ್ಮಸ್ಸಿಲ್ಲ, ಕೊನೇ ಸೆಮಿಸ್ಟರಲ್ಲಿ ಬೆಂಗ್ಳೂರಿನ ಪ್ರಾಜೆಕ್ಟ್ ಸೆಂಟರ್‌ನಿಂದ ಕೊಂಡು ತಂದ ರಿಪೋರ್ಟು, ಕರಿ ರೆಕ್ಸಿನ್ ಬೈಂಡು, ಮೇಲೆ ಬಂಗಾರದ ಅಕ್ಷರ. ಇಂಥ ರಿಪೋರ್ಟ್ ಹಿಡಿದು ವೈವಾಗೆ ಬಂದೋರನ್ನ ಮೂರನೇ ಪುಟದ ಬ್ಲಾಕ್ ಡಯಾಗ್ರಮ್ ವಿವರಿಸಮ್ಮ ಅಂದ್ರೆ ತಲೆ ತಗ್ಗಿಸ್ತಾರೆ. ಹೊಸದುರ್ಗದ ಒಬ್ಳು ಹಿಂಗೇ ಮಾಡಿ ಎರಡು ವರ್ಷ ಆದ್ಮೇಲೆ ಅದೇ ಟೆಸ್ಟಿಂಗ್ ಕೆಲಸಕ್ಕೆ ಮೊದಲಿಗಿಂತ ಕಮ್ಮಿ ಸಂಬಳಕ್ಕೆ ಸೇರಿದ್ಳು, ನನ್ನ ಮೇಲೂ ಸಿಟ್ಟಿದೆ ಅವಳಿಗೆ, ನೀವ್ಯಾಕೆ ಅವತ್ತೇ ಬೇಡ ಅನ್ಲಿಲ್ಲ ಅಂತ. ನ್ಯಾಯವಾದ ಸಿಟ್ಟೇ. ಎಲ್ಲ ಕಾಲೇಜೂ ಹಿಂಗಲ್ಲ, ಗೈಡ್ ಮಾಡೋರು ಯಾರು, ಲ್ಯಾಬಲ್ಲಿ ಡಿಸೈನ್ ಸಾಫ್ಟ್‌ವೇರ್ ಟೂಲ್‌ಗಳ ಲೈಸೆನ್ಸ್ ಇದೆಯಾ, ಹೋದ ವರ್ಷ ಮುಗಿಸಿದೋರು ಈಗ ಎಲ್ಲಿದಾರೆ, ಈ ಮೂರು ಕೇಳಿದ್ರೆ ಗೊತ್ತಾಗುತ್ತೆ. ಗೇಟ್ ಪಾಸಾಗಿ ಎಐಸಿಟಿಇ ಮಾನ್ಯತೆ ಇರೋ ಕಾಲೇಜಿಗೆ ಫುಲ್ ಟೈಂ ಸೇರಿದ್ರೆ ಇಲ್ಲೂ 12,400 ಸಿಗುತ್ತೆ, ಪಿಜಿಸಿಇಟಿ ಮೇಲೆ ಸೇರಿದ್ರೆ ಇಲ್ಲ.

ಪಿಎಚ್‌ಡಿ ದೂರದ ಮಾತಾದ್ರೂ ಒಂದೆರಡು ವಿಷಯ ತಿಳ್ಕೊಂಡಿರ್ರಿ. ಯುಜಿಸಿಯ 2022ರ ನಿಯಮದಲ್ಲಿ ಹೆಣ್ಮಕ್ಳಿಗೆ ಮುಗಿಸೋಕೆ ಹೆಚ್ಚಿಗೆ 2 ವರ್ಷ ಕೊಡ್ಬಹುದು ಅಂತ ಇದೆ, ಹೆರಿಗೆ, ಮಕ್ಕಳ ಆರೈಕೆಗೆ ಒಟ್ಟು 240 ದಿನ ರಜೆ. ಕೆಲಸದಲ್ಲಿದ್ದು ಪಾರ್ಟ್ ಟೈಂ ಮಾಡೋಕೂ ಅವಕಾಶ ಇದೆ, ಕೆಲಸ ಕೊಟ್ಟೋರ ಎನ್‌ಓಸಿ (ಒಪ್ಪಿಗೆ ಪತ್ರ) ಬೇಕು. ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಕೊಡೋ ಫೆಲೋಶಿಪ್) ಸಿಕ್ರೆ ಮೊದಲೆರಡು ವರ್ಷ ತಿಂಗಳಿಗೆ 37 ಸಾವಿರ. ಓದು ಬಿಟ್ಟು ಗ್ಯಾಪ್ ಆಗಿರೋ ಹೆಣ್ಮಕ್ಳಿಗೆ ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆ ಡಿಎಸ್‌ಟಿಯ ವೈಸ್-ಕಿರಣ್ ಅಂತ ಯೋಜನೆ ಇದೆ. ಓದೋಕೆ ಸಾಲ ತಗೊಂಡ್ರೆ ಬಡ್ಡಿಗೆ ಆದಾಯ ತೆರಿಗೆ ವಿನಾಯ್ತಿ ಇದೆ, ಹಳೇ ತೆರಿಗೆ ಪದ್ಧತಿಲಿ ಮಾತ್ರ.

ನಮ್ಮ ಕಡೆ ಇನ್ನೊಂದು ಮಾತು ಬಹಳ ಕೇಳ್ತೀನಿ, ನಿಮ್ಮ ಕಿವಿಗೂ ಬಿದ್ದಿರುತ್ತೆ: 'ಚಳ್ಳಕೆರೆಗೆ ಸೈನ್ಸ್ ಸಿಟಿ ಬಂದಿದೆ, ಎಂಟೆಕ್ ಮಾಡ್ಕೊ, ಮನೆ ಹತ್ರನೇ ಸರ್ಕಾರಿ ಕೆಲಸ.' ಕುದಾಪುರದಲ್ಲಿ ಐಐಎಸ್ಸಿ ಜಾಗ ಇದೆ, ಟೀಚರ್‌ಗಳಿಗೆ ಟ್ರೇನಿಂಗ್ ನಡೆಯುತ್ತೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಶುರುವಾಯ್ತು, ನಿಜ. ಆದ್ರೆ ಅಲ್ಲಿಗೆ ವಿಜ್ಞಾನಿಗಳನ್ನ ತಗೊಳ್ಳೋದು ದೇಶದ ಮಟ್ಟದಲ್ಲಿ, ಹೊಳಲ್ಕೆರೆಯೋರು ಅಂತ ಸೀಟು ಇಟ್ಟಿರಲ್ಲ, ಆಯ್ಕೆ ಆದೋರನ್ನ ಎಲ್ಲಿಗೆ ಬೇಕಾದ್ರೂ ಹಾಕ್ತಾರೆ. ಇನ್ನೊಂದು, ಸೈಂಟಿಸ್ಟ್ ಬಿ (ಶುರುವಿನ ಹಂತದ ವಿಜ್ಞಾನಿ) ಹುದ್ದೆಗೆ ಡಿಆರ್‌ಡಿಓದವರು ಕೇಳೋದು ಬಿಇ ಫಸ್ಟ್ ಕ್ಲಾಸ್ ಮತ್ತೆ ಗೇಟ್ ಸ್ಕೋರು, ಎಂಟೆಕ್ ಅಲ್ಲ. ಎಂಟೆಕ್ ಸೇರದೇ ಇದ್ರೂ ಗೇಟ್ ಬರೆಯೋದು ದಂಡ ಅಲ್ಲ ಅನ್ನೋದು ಇದಕ್ಕೇ.

ನಿಮ್ಮ ಜಾಗದಲ್ಲಿ ನಾನಿದ್ರೆ ಹಿಂಗೆ ಮಾಡ್ತಿದ್ದೆ. ಕೆಲಸ ಬಿಡಲ್ಲ. ನನಗೆ ಬೇಕು ಅನ್ನೋ ಕೆಲಸದ ಹತ್ತು ಜಾಹೀರಾತು ತೆಗೆದು ಅರ್ಹತೆ ಅನ್ನೋ ಸಾಲಿಗೆ ಪೆನ್ಸಿಲ್ ಗೆರೆ ಎಳೀತೀನಿ, ಹತ್ತರಲ್ಲಿ ಎಷ್ಟು ಕಡೆ ಎಂಟೆಕ್ ಬೇಕೇ ಬೇಕು ಅಂತಿದೆ, ಎಷ್ಟು ಕಡೆ ಇದ್ರೆ ಒಳ್ಳೇದು ಅಂತಿದೆ, ಎಣಿಸ್ತೀನಿ. ಅದ್ರ ಜೊತೆಗೆ ಐಐಟಿ, ಐಐಎಸ್ಸಿಯವರು ಆನ್‌ಲೈನ್ ಪಾಠ ಮಾಡೋ ಎನ್‌ಪಿಟಿಇಎಲ್‌ನಲ್ಲಿ ವಿಎಲ್‌ಎಸ್‌ಐದು ಒಂದು 12 ವಾರದ ಕೋರ್ಸಿಗೆ ಸೇರ್ತೀನಿ, ಕಲಿಯೋಕೆ ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಫೀಸು. ಹನ್ನೆರಡು ವಾರ, ವಾರ ವಾರ ಅಸೈನ್‌ಮೆಂಟ್, ಮಗಳ ಜ್ವರ, ಆಫೀಸಿನ ರಿಲೀಸ್ ಎಲ್ಲದ್ರ ನಡುವೆ. ಆರನೇ ವಾರದಲ್ಲೂ ವಿಡಿಯೋ ನಿಲ್ಲಿಸಿ ಸರ್ಕ್ಯೂಟ್ ಬರೆದು ನೋಡ್ಬೇಕು ಅನ್ನಿಸ್ತಾ, ನೀವು ಓದೋಕೇ ಹೊರಟಿದೀರಿ. ಮೂರನೇ ವಾರಕ್ಕೆ ಅಸೈನ್‌ಮೆಂಟ್ ಬಿಟ್ಟು ಬೇರೆ ಕಂಪನಿಗೆ ರೆಸ್ಯೂಮ್ ಕಳಿಸೋದ್ರಲ್ಲೇ ಖುಷಿ ಸಿಗ್ತಾ, ಅದೂ ಉತ್ತರಾನೇ, ಹನ್ನೆರಡೂವರೆ ಲಕ್ಷ ಉಳೀತು.

ಅತ್ತೆಯವರ ಮಾತಿಗೆ ನಾನು ಬೇಜಾರು ಮಾಡ್ಕೊಳ್ತಿರ್ಲಿಲ್ಲ. ನಮ್ಮತ್ತೆನೂ ಅದನ್ನೇ ಕೇಳ್ತಿದ್ರು, 'ಎಷ್ಟಂತ ಓದ್ತೀಯ'. ಒಂದಿನ ಮಂಡಕ್ಕಿಗೆ ಒಗ್ಗರಣೆ ಹಾಕ್ತಾ 'ನೀವು ಎಲ್ಲೀವರೆಗೆ ಓದಿದ್ರಿ ಅತ್ತೆ' ಅಂದೆ. ಏಳನೇ ಕ್ಲಾಸು, ಗಣಿತದಲ್ಲಿ ಶಾಲೆಗೇ ಫಸ್ಟು, ಮಾಸ್ತರು ಮನೆಗೆ ಬಂದು ಬಿಡಿಸ್ಬೇಡ್ರಿ ಅಂದ್ರಂತೆ, ಬಿಡಿಸಿದ್ರು. ಅವತ್ತಿಂದ ನನ್ನ ಪರೀಕ್ಷೆ ದಿನ ಮಗೂನ ಎತ್ಕೊಂಡು ಗಲ್ಲಿ ಸುತ್ತೋಕೆ ಹೋಗ್ತಿದ್ದೋರು ಅವರೇ. ನಿಮ್ಮ ಮನೆಲೂ ಹಂಗೇ ಆಗುತ್ತೆ ಅಂತ ಹೇಳಲ್ಲ, ಕೇಳಿ ನೋಡ್ರಿ ಅಷ್ಟೆ.

ಗೇಟ್‌ಗೆ ಓದೋದು ಅಂತಾದ್ರೆ, ಬಿಇ ನೋಟ್ಸ್ ತೂಕಕ್ಕೆ ಹಾಕಿಲ್ಲ ಅಂದ್ರೆ ಅಟ್ಟದಿಂದ ಇಳಿಸ್ರಿ. ಮ್ಯಾಥ್ಸ್‌ನಿಂದ ಶುರು ಮಾಡಿದ್ರೆ ನಾಲ್ಕು ದಿನಕ್ಕೆ ಬೇಜಾರಾಗುತ್ತೆ, ನೆಟ್‌ವರ್ಕ್ಸ್‌ನಿಂದ ಶುರು ಮಾಡ್ರಿ, ಆಮೇಲೆ ಡಿಜಿಟಲ್, ಅದು ನಿಮಗೆ ಇನ್ನೂ ಕೈಯಲ್ಲೇ ಇರುತ್ತೆ. ಮ್ಯಾನೇಜರ್ ಈಮೇಲ್‌ಗೆ ಏನ್ ಉತ್ತರ ಕೊಟ್ರು ಅಂತ ತಪ್ಪದೆ ಬರೀರಿ, ಅದನ್ನ ಓದಿದ್ಮೇಲೆ ಇನ್ನೊಂದಿಷ್ಟು ಹೇಳೋದಿರಬಹುದು.